ಇನ್ನೊಂದು ಬಗೆಯ ಪಟ್ಟು

ಕುಸ್ತಿಯ ವಿಷಯ ಹೆಂಗಸರಿಗೇನು ಗೊತ್ತು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಅಖಾಡದಲ್ಲಿ ಹಾಕುವ ಪಟ್ಟು ನಿಮಗೆ ಗೊತ್ತಿರಬಹುದು, ಮನೆಗೆ ಬಂದ ಮೇಲೆ ಹಾಕುವ ಪಟ್ಟು ಗೊತ್ತಿರುವುದು ನಮಗೇ. ನನ್ನ ಸೋದರಮಾವ ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ಅವರು ಯಾವ ಊರಿನ ಜಾತ್ರೆಯಲ್ಲಿ ಯಾರನ್ನು ಚಿತ್ ಮಾಡಿದರು ಎಂಬುದು ಊರಿಗೆಲ್ಲ ಬಾಯಿಪಾಠವಾಗಿತ್ತು. ಅಂಥ ಗೆಲುವಿನ ಮಾರನೆಯ ದಿನ ಅವರು ಹಜಾರದಲ್ಲಿ ಬೋರಲು ಮಲಗಿ ನರಳುತ್ತಿದ್ದುದು ಗೊತ್ತಿದ್ದದ್ದು ನಮ್ಮಜ್ಜಿಗೆ, ಅತ್ತೆಗೆ, ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ನಮ್ಮಂಥ ಮಕ್ಕಳಿಗೆ. ಅಜ್ಜಿ ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲೆಸಿ, ಹಳೆಯ ಪಂಚೆಯ ತುಂಡಿಗೆ ಬಳಿದು ಭುಜಕ್ಕೆ ಪಟ್ಟು ಹಾಕುತ್ತಿದ್ದರು. ಕಲ್ಲುಪ್ಪನ್ನು ಬಾಣಲೆಯಲ್ಲಿ ಕಾಯಿಸಿ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಡುತ್ತಿದ್ದರು. ಹಾಲು, ತುಪ್ಪ, ಬಾದಾಮಿಗೆ ಆಗುತ್ತಿದ್ದ ಖರ್ಚಿನ ಮಾತು ಬೇರೆ. ಅದನ್ನು ಅತ್ತೆ ಸಾಯುವವರೆಗೂ ಲೆಕ್ಕ ಹಿಡಿದು ಹೇಳುತ್ತಿದ್ದರು.

ಗರಡಿಯ ಮಣ್ಣಿಗೆ ಮಟ್ಟಿ ಎನ್ನುತ್ತಾರೆ. ಬಗ್ಗಿ ಹೋಗಬೇಕಾದ ಚಿಕ್ಕ ಬಾಗಿಲು, ಒಳಗೆ ಆಂಜನೇಯನ ಪಟ, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಅರಿಶಿನ, ಕುಂಕುಮ, ಎಣ್ಣೆ, ಮಜ್ಜಿಗೆ, ನಿಂಬೆಹಣ್ಣಿನ ರಸ ಹೀಗೆ ಊರಿಗೊಂದು ಹದದಲ್ಲಿ ಬೆರೆಸಿ ಮಿದು ಮಾಡುತ್ತಾರೆ. ನಾನಿರುವ ಊರಿನ ಹೆಸರಿನಲ್ಲೇ ಅರಿಶಿನವಿದೆ, ಅರಿಶಿನಕುಂಟೆ. ನಮ್ಮ ಕಡೆಯವರಿಗೆ ಗಾಯ ಎಂದರೆ ಮೊದಲು ನೆನಪಾಗುವುದೂ ಅರಿಶಿನವೇ. ಮಟ್ಟಿಯಲ್ಲಿ ಅರಿಶಿನ ಇದೆಯಲ್ಲ, ತರಚಿದರೆ ಅದೇ ಔಷಧಿ ಎಂದು ಸೋದರಮಾವ ಹೇಳುತ್ತಿದ್ದರು. ಮಣ್ಣು ಮೆತ್ತಿದ ಗಾಯಕ್ಕೆ ಧನುರ್ವಾಯುವಿನ ಇಂಜೆಕ್ಷನ್ ಬೇಕು ಎಂಬ ತಿಳಿವಳಿಕೆ ಆಗ ಎಷ್ಟು ಜನಕ್ಕಿತ್ತೋ. ಅರಿಶಿನದ ಮೇಲೆ ನನಗೂ ಭಕ್ತಿಯಿದೆ, ಆದರೆ ಧನುರ್ವಾಯುವಿನ ಮುಂದೆ ಅದರ ಆಟ ನಡೆಯುವುದಿಲ್ಲ.

ಹಾಗೆಂದು ಗರಡಿಯವರಿಗೆ ವೈದ್ಯ ಗೊತ್ತಿರಲಿಲ್ಲ ಎನ್ನಲಾಗದು. ಮೈಸೂರು ಸೀಮೆಯ ಜಟ್ಟಿಗಳು ಮಲ್ಲವಿದ್ಯೆಗೆ ಹೆಸರಾದ ಹಾಗೆಯೇ ಉಳುಕು ತೆಗೆಯುವುದಕ್ಕೆ, ಜಾರಿದ ಕೀಲು ಕೂರಿಸುವುದಕ್ಕೆ ಹೆಸರಾದವರು. ಮುರಿಯುವುದನ್ನು ಕಲಿತವನಿಗೆ ಕೂಡಿಸುವುದೂ ಗೊತ್ತಿರಬೇಕು ಎಂಬುದು ಅವರ ಕಟ್ಟಳೆಯಾಗಿತ್ತೋ ಏನೋ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಇವತ್ತಿಗೂ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಂಡಿತೋ, ಕಾಳಗ ಅಲ್ಲಿಗೇ ನಿಲ್ಲುತ್ತದೆ. ನೋಡಲು ಭಯಂಕರ, ಆದರೆ ನಿಯಮ ಒಳ್ಳೆಯದು. ರಕ್ತ ಕಂಡರೆ ನಿಲ್ಲಿಸು.

ತೊಂದರೆ ಇರುವುದು ರಕ್ತ ಕಾಣದ ಪೆಟ್ಟಿನಲ್ಲಿ. ಕುಸ್ತಿಯಲ್ಲಿ ಪ್ರಾಣಕ್ಕೆ ಸಂಚಕಾರ ತರುವ ಪೆಟ್ಟುಗಳು ಹೆಚ್ಚಾಗಿ ಆ ಜಾತಿಯವು. ತಲೆಯೊಳಗೆ ಮಿದುಳು ಕುಲುಕಿಹೋಗಿರುತ್ತದೆ, ಹೊರಗೆ ಒಂದು ಬೊಬ್ಬೆಯೂ ಇರುವುದಿಲ್ಲ. ಕತ್ತಿನ ಮೂಳೆ ಬಿರುಕು ಬಿಟ್ಟಿರುತ್ತದೆ, ಚರ್ಮ ಕೂಡ ತರಚಿರುವುದಿಲ್ಲ. ಭುಜ ಜಾರಿದರೆ ಹುಡುಗ ಅಯ್ಯಯ್ಯೋ ಎಂದು ಕೂಗುತ್ತಾನೆ, ನಾಲ್ಕು ಜನ ಓಡಿ ಬರುತ್ತಾರೆ. ಕತ್ತಿಗೆ ಪೆಟ್ಟಾದವನು ಸುಮ್ಮನೆ ಮಲಗಿರುತ್ತಾನೆ. ನಮ್ಮ ಕಣ್ಣಿಗೆ ಅವನು ಸೋತ ನಾಚಿಕೆಗೆ ಏಳುತ್ತಿಲ್ಲ ಎನ್ನಿಸುತ್ತದೆ.

2014ರ ಬೇಸಿಗೆಯಲ್ಲಿ ನಮ್ಮೂರಿಗೆ ಹತ್ತಿರದ ಒಂದು ಹಳ್ಳಿಯ ಜಾತ್ರೆಯಲ್ಲಿ ಹೀಗೆಯೇ ಆಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ದಿನ ಕುಸ್ತಿಗೆ ಇಳಿಯುವವನಿದ್ದ. "ಮಿಸ್, ನೀವು ಬರ್ಲೇಬೇಕು" ಎಂದು ಮನೆಗೆ ಬಂದು ಕರೆದಿದ್ದ. ಗಣಿತದಲ್ಲಿ ಮೂವತ್ತೈದು ತೆಗೆಯಲು ಏದುಸಿರು ಬಿಟ್ಟ ಹುಡುಗ, ಮಟ್ಟಿಗೆ ಇಳಿದರೆ ಬೇರೆಯೇ ಮನುಷ್ಯ. ಅವನ ತಾಯಿ ಬಂದಿರಲಿಲ್ಲ. ಮಗ ಕುಸ್ತಿ ಆಡುವ ದಿನ ಆಕೆ ದೇವರ ಮುಂದೆ ದೀಪ ಹಚ್ಚಿಟ್ಟು ಮನೆಯಲ್ಲೇ ಕೂರುವವಳು. ನಾವು ಹೆಂಗಸರು ಏಳೆಂಟು ಜನ ಅಖಾಡಕ್ಕೆ ಎದುರಿಗಿದ್ದ ಮನೆಯ ಮಾಳಿಗೆಯ ಮೇಲೆ ಕುಳಿತಿದ್ದೆವು. ಕೆಳಗೆ ತಮಟೆ, ಮೈಕು, ಧೂಳು, ಗಂಡಸರು.

ಎರಡನೆಯದೋ ಮೂರನೆಯದೋ ಜೋಡಿ ಇವನದು. ಎದುರಾಳಿ ಇವನನ್ನು ಸೊಂಟದಿಂದ ಎತ್ತಿ ಹಿಂದಕ್ಕೆ ಒಗೆದ. ತಲೆ ಮೊದಲು ಮಣ್ಣಿಗೆ ತಾಗಿತು, ಮೈ ಅದರ ಮೇಲೆ ಮಡಿಸಿಕೊಂಡು ಬಿತ್ತು. ಗೆದ್ದವನನ್ನು ಹೆಗಲ ಮೇಲೆ ಹೊತ್ತರು, ನೋಟಿನ ಹಾರ ಹಾಕಿದರು, ತಮಟೆ ಇನ್ನೂ ಜೋರಾಯಿತು. ಇವನು ಮಲಗಿಯೇ ಇದ್ದ. ಇಬ್ಬರು ಹೋಗಿ, ಸೋತವನನ್ನು ಎತ್ತಿ ಮೈ ಒರೆಸಿ ಕಳಿಸುವ ವಾಡಿಕೆಯಂತೆ, ಕಂಕುಳಿಗೆ ಕೈ ಹಾಕಿದರು.

ಆಗ ನಮ್ಮ ಪಕ್ಕದಲ್ಲಿ ಕುಳಿತಿದ್ದ ನರ್ಸಮ್ಮ ಎದ್ದು ನಿಂತು "ಮುಟ್ಟಬೇಡ್ರೋ, ಎತ್ತಬೇಡ್ರೋ" ಎಂದು ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಆಕೆ ಮಾಳಿಗೆಯ ಮೆಟ್ಟಿಲಿಳಿದು ಜನರನ್ನು ತಳ್ಳಿಕೊಂಡು ಓಡಿದ್ದನ್ನು ನಾನು ಕಂಡೆ, ನಾನೂ ಹಿಂದೆ ಇಳಿದೆ. ಆಕೆ ಉಪಕೇಂದ್ರದಲ್ಲಿ ಕೆಲಸ ಮಾಡುವ ಆರೋಗ್ಯ ಸಹಾಯಕಿ, ಎರಡು ಮಕ್ಕಳ ತಾಯಿ; ಜಾತ್ರೆಗೆಂದು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಮಟ್ಟಿಯ ಅಂಚಿಗೆ ಹೋದೊಡನೆ ಯಾರೋ ಅಡ್ಡ ಕೈ ಚಾಚಿದರು. "ಹೆಂಗಸ್ರು ಮಟ್ಟಿಗೆ ಇಳಿಯಂಗಿಲ್ಲ ಕಣಮ್ಮ, ಪೂಜೆ ಮಾಡಿರೋ ಮಣ್ಣು."

ನರ್ಸಮ್ಮ ವಾದ ಮಾಡಲಿಲ್ಲ. ಚಪ್ಪಲಿ ಬಿಟ್ಟಳು. ಅಷ್ಟರಲ್ಲಿ ಬಿಳಿ ಗಡ್ಡದ ಉಸ್ತಾದರು ಆ ಕಡೆಯಿಂದ "ಬಾರಮ್ಮ, ಬಾ, ಅವನ ಜೀವಕ್ಕಿಂತ ಮಣ್ಣು ದೊಡ್ಡದಾ" ಎಂದು ಕರೆದರು. ಮಟ್ಟಿಗೆ ಪೂಜೆ ಮಾಡಿದವರೇ ಅವರು. ಅಡ್ಡ ಬಂದ ಕೈ ಹಿಂದಕ್ಕೆ ಹೋಯಿತು.

ಆಕೆ ಮೊದಲು ಮಾಡಿದ ಕೆಲಸ ತಮಟೆ ನಿಲ್ಲಿಸಿದ್ದು. ಹುಡುಗನ ಬಾಯಿ ಅಲ್ಲಾಡುತ್ತಿತ್ತು, ಏನು ಹೇಳುತ್ತಿದ್ದಾನೆಂದು ಅವನ ಪಕ್ಕದಲ್ಲಿದ್ದವರಿಗೇ ಕೇಳುತ್ತಿರಲಿಲ್ಲ. ತಮಟೆ ನಿಂತ ಮೇಲೆ ಕೇಳಿಸಿತು. "ಕೈ ಜೋಮು ಹಿಡಿದಂಗಾಗದೆ ಅಕ್ಕ" ಎನ್ನುತ್ತಿದ್ದ. ಆಕೆ ಅವನ ತಲೆಯ ಹಿಂದೆ ಮಂಡಿಯೂರಿ ಕುಳಿತು, ಎರಡೂ ಕಿವಿಯ ಪಕ್ಕ ಅಂಗೈ ಇಟ್ಟು ತಲೆ ಅಲ್ಲಾಡದ ಹಾಗೆ ಹಿಡಿದಳು. ಕಾಲ್ಬೆರಳು ಆಡಿಸು ಎಂದಳು, ಆಡಿಸಿದ. ಕೈ ಬೆರಳು ಎಂದಳು, ಎಡಗೈ ಆಡಲಿಲ್ಲ. ಯಾರೋ ಸೋಡಾ ತಂದರು, ಬೇಡ ಎಂದಳು. ಇನ್ಯಾರೋ ಮುಖಕ್ಕೆ ನೀರು ಎರಚಲು ಬಂದರು, ಅದನ್ನೂ ತಡೆದಳು. 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸು ಬರುವವರೆಗೆ ಆ ಬಿಸಿಲಿನಲ್ಲಿ ಅದೇ ಭಂಗಿಯಲ್ಲಿ ಕುಳಿತಿದ್ದಳು. ನಾನು ಮಾಡಿದ್ದು ಇಷ್ಟೇ: ನನ್ನ ಛತ್ರಿಯನ್ನು ಅವನ ಮುಖಕ್ಕೆ ಹಿಡಿದು, ಅವನ ಜೊತೆ ಮಾತಾಡುತ್ತಾ ಇದ್ದೆ. ತಲೆ ತಿರುಗಿಸಿ ಮಾತಾಡಬೇಡವೋ, ಆಕಾಶ ನೋಡಿಕೊಂಡೇ ಉತ್ತರ ಹೇಳು ಎಂದು ಮಗ್ಗಿ ಕೇಳಿದೆ. ಹದಿಮೂರರ ಮಗ್ಗಿ ಅವನಿಗೆ ಆಗಲೂ ಬರಲಿಲ್ಲ.

ಆಂಬುಲೆನ್ಸಿಗೆ ದಾರಿ ಇರಲಿಲ್ಲ. ರಸ್ತೆಯ ಎರಡೂ ಕಡೆ ಬತ್ತಾಸು ಅಂಗಡಿ, ನಡುವೆ ಬೈಕುಗಳು. ಮೈಕಿನಲ್ಲಿ ಕೂಗಿ ಕೂಗಿ ಬೈಕು ತೆಗೆಸುವ ಹೊತ್ತಿಗೆ ಕಾಲು ಗಂಟೆಯೇ ಹೋಯಿತು. ಕೊನೆಗೆ ಕತ್ತಿಗೆ ಪಟ್ಟಿ ಕಟ್ಟಿ, ಆರು ಜನ ಒಂದೇ ಸಲ ಹಿಡಿದು, ಹಲಗೆಯ ಮೇಲೆ ಮಲಗಿಸಿ ಕೊಂಡೊಯ್ದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕತ್ತಿನ ಮೂಳೆ ಒಂದು ಕಡೆ ಮುರಿದಿದೆ, ನರ ತುಂಡಾಗಿಲ್ಲ ಎಂದರು. ಎತ್ತಿ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಅವನ ಅಪ್ಪ ಕೇಳಿದಾಗ ಡಾಕ್ಟರು ಉತ್ತರ ಹೇಳದೆ "ಎತ್ತಲಿಲ್ಲವಲ್ಲ, ಬಿಡಿ" ಎಂದರಂತೆ. ಎಡಗೈ ಹಿಡಿತ ಮರಳಿ ಬರಲು ಒಂದು ವರ್ಷ ಹಿಡಿಯಿತು. ಈಗ ಅವನು ಪೀಣ್ಯದ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಕುಸ್ತಿ ಬಿಟ್ಟ.

ಕತ್ತಿನ ವಿಷಯವನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುವುದು ಮಣಿಸರದ ಹೋಲಿಕೆಯಿಂದ. ಬೆನ್ನು ಕತ್ತಿನ ಮೂಳೆಗಳು ಮಣಿಗಳು, ಒಳಗೆ ಹಾಯುವ ನರದ ಹುರಿ ದಾರ. ಮಣಿ ಒಡೆದರೆ ಕೂಡಿಕೊಳ್ಳುತ್ತದೆ. ಒಡೆದ ಮಣಿಯ ಚೂಪು ಅಂಚಿಗೆ ದಾರ ಸಿಕ್ಕಿ ಕತ್ತರಿಸಿದರೆ ಮತ್ತೆ ಪೋಣಿಸಲಾಗದು. ಉಸಿರಾಡಿಸುವ ಮುಖ್ಯ ನರ ಹೊರಡುವುದೂ ಆ ಕತ್ತಿನಿಂದಲೇ. ಆದ್ದರಿಂದ ಬಿದ್ದವನನ್ನು ಪ್ರೀತಿಯಿಂದ ಎತ್ತಿ ಕೂರಿಸುವುದೇ ಅವನಿಗೆ ಶತ್ರುವಾಗಬಹುದು.

ಆ ಮೇಲೆ ನಾನು ಕುಸ್ತಿಯ ಸುದ್ದಿ ಎಲ್ಲಿ ಕಂಡರೂ ಓದತೊಡಗಿದೆ. ಹಾಗೆ ಓದುತ್ತಾ ತಲುಪಿದ್ದು ಜಪಾನಿನ ಸೂಮೋ ಕುಸ್ತಿಗೆ. ನಮ್ಮ ಕಡೆ ಸೂಮೋ ಎಂದರೆ ಟಾಟಾ ಕಂಪನಿಯ ಗಾಡಿ. ಅದಕ್ಕೆ ಆ ಹೆಸರು ಬಂದದ್ದು ಕಂಪನಿಯ ಹಿರಿಯರಾಗಿದ್ದ ಸುಮಂತ್ ಮೂಳಗಾಂವಕರ್ ಅವರಿಂದ, ಜಪಾನಿನ ಮಲ್ಲರಿಂದಲ್ಲ. ಕರ್ನಾಟಕದಲ್ಲಿ 108 ಸೇವೆ ಶುರುವಾದದ್ದು 2008ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ಹೆರಿಗೆ ನೋವಿನವರನ್ನೂ ಕೈಕಾಲು ಮುರಿದವರನ್ನೂ ಹೇರಿಕೊಂಡು ಹೋಗುತ್ತಿದ್ದದ್ದು ಇಂಥ ಬಾಡಿಗೆ ಗಾಡಿಗಳೇ ತಾನೆ.

ಜಪಾನಿನ ಸೂಮೋ ಮಾತ್ರ ಬೇರೆ ಲೋಕ. ಅದು ದೇವರ ಕೆಲಸದಂಥ ಕುಸ್ತಿ. ಜೇಡಿಮಣ್ಣಿನಿಂದ ಕಟ್ಟಿದ, ಸುಮಾರು ಎರಡಡಿ ಎತ್ತರದ ಜಗಲಿ, ಅದಕ್ಕೆ ದೊಹ್ಯೊ ಎಂದು ಹೆಸರು. ಅದರ ಮೇಲೆ 4.55 ಮೀಟರ್ ಅಗಲದ ವೃತ್ತ. ಕುಸ್ತಿಗೆ ಮುಂಚೆ ಮಲ್ಲರು ಉಪ್ಪು ಎರಚಿ ನೆಲ ಶುದ್ಧಿ ಮಾಡುತ್ತಾರೆ. ವೃತ್ತದಿಂದ ಆಚೆ ತಳ್ಳಿದರೆ, ಇಲ್ಲವೇ ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲು. ನಮ್ಮ ಹಾಗೆ ತೂಕ ನೋಡಿ ಜೋಡಿ ಕಟ್ಟುವುದಿಲ್ಲ. ನೂರೈವತ್ತು ಕಿಲೋ ದಾಟಿದ ಇಬ್ಬರು ಹಣೆಗೆ ಹಣೆ ಡಿಕ್ಕಿ ಹೊಡೆಯುತ್ತಾರೆ. ಎಷ್ಟೋ ಸಲ ಆ ಜಗಲಿಯಿಂದ ಕೆಳಗೆ, ನೋಡುವವರ ಮಡಿಲಿಗೇ ಉರುಳುತ್ತಾರೆ. ವರ್ಷಕ್ಕೆ ಆರು ದೊಡ್ಡ ಪಂದ್ಯಾವಳಿ, ಒಂದೊಂದೂ ಹದಿನೈದು ದಿನ. ಮಂಡಿ ಮುರಿದ ಮಲ್ಲನೂ ಕುಂಟುತ್ತಾ ಮೇಲೆದ್ದು, ಎದುರಾಳಿಗೆ ತಲೆಬಾಗಿ ಹೋಗುವುದೇ ಅಲ್ಲಿ ಮರ್ಯಾದೆ. ಏಳಲಾಗದವರನ್ನು ಕೊಂಡೊಯ್ಯಲು ಅವರ ಗಾತ್ರದ ದೊಡ್ಡ ಗಾಲಿ ಕುರ್ಚಿಯೂ ಇದೆ.

ಇಷ್ಟು ಶಿಸ್ತಿನ ಜಾಗದಲ್ಲಿ ಬಿದ್ದವನ ಆರೈಕೆಯೂ ಅಷ್ಟೇ ಶಿಸ್ತಾಗಿರಬೇಕೆಂದು ನಾವು ಭಾವಿಸುತ್ತೇವೆ. 2021ರ ಜನವರಿಯಲ್ಲಿ ಒಬ್ಬ ಮಲ್ಲನಿಗೆ ಮೊದಲ ಡಿಕ್ಕಿಯಲ್ಲೇ ತಲೆಗೆ ಪೆಟ್ಟು ಬಿದ್ದು, ಎದ್ದು ನಿಲ್ಲಲು ಹೋಗಿ ತೂರಾಡಿದ. ಆ ಡಿಕ್ಕಿ ಲೆಕ್ಕಕ್ಕಿಲ್ಲವೆಂದು ತೀರ್ಮಾನವಾಗಿ, ಅದೇ ಸ್ಥಿತಿಯಲ್ಲಿ ಅವನನ್ನು ಮತ್ತೆ ಆಡಿಸಿದರು. ಅವನು ಗೆದ್ದ ಎಂಬುದು ಬೇರೆ ಮಾತು. ಟೀಕೆ ಬಂದ ಮೇಲೆ, ಇಂಥ ಹೊತ್ತಿನಲ್ಲಿ ಕುಸ್ತಿ ಮುಂದುವರಿಸದಂತೆ ತಡೆಯುವ ಅಧಿಕಾರವನ್ನು ತೀರ್ಪುಗಾರರಿಗೆ ಕೊಟ್ಟರು. ಅದಾಗಿ ಎರಡೇ ತಿಂಗಳಿಗೆ, ಮಾರ್ಚ್ 26ರಂದು, ಟೋಕಿಯೋದಲ್ಲಿ ಹಿಬಿಕಿರ್ಯೂ ಎಂಬ 28 ವರ್ಷದ ಮಲ್ಲ ಎದುರಾಳಿಯ ಎಸೆತಕ್ಕೆ ತಲೆ ಕೆಳಗಾಗಿ ಬಿದ್ದ. ಬಿದ್ದವನು ಬೋರಲಾಗಿ ಹಾಗೆಯೇ ಇದ್ದ. ವೈದ್ಯರ ನೆರವು ತಲುಪುವ ಹೊತ್ತಿಗೆ ನಿಮಿಷಗಳೇ ಕಳೆದಿದ್ದವು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಏಪ್ರಿಲ್ 28ರಂದು ತೀರಿಕೊಂಡ. ಉಸಿರಾಟ ಕುಸಿದು ಸಾವು ಎಂದು ಹೇಳಿದರು. ಆ ಪೆಟ್ಟಿಗೂ ಸಾವಿಗೂ ಇರುವ ನಂಟು ಸ್ಪಷ್ಟವಿಲ್ಲ ಎಂಬುದು ಸೂಮೋ ಸಂಘದ ಮಾತು. ಇರಲಿ. ಆದರೆ ಬಿದ್ದವನ ಬಳಿಗೆ ತಿಳಿದವರು ಕೂಡಲೇ ಏಕೆ ಬರಲಿಲ್ಲ ಎಂದು ಅಲ್ಲಿಯ ಜನ ಕೇಳಿದ್ದಕ್ಕೆ ನಂಟಿನ ಲೆಕ್ಕ ಬೇಕಿಲ್ಲ.

ಈ ಸುದ್ದಿಗಿಂತ ನನ್ನನ್ನು ಹೆಚ್ಚು ಹಿಡಿದದ್ದು ಅದಕ್ಕೂ ಮೂರು ವರ್ಷ ಹಿಂದಿನ ಇನ್ನೊಂದು ಘಟನೆ. ಅದು ನಡೆದ ಊರು ಮೈಜೂರು, ಕ್ಯೋಟೋ ಸೀಮೆಯದು. ನಮ್ಮ ಮೈಸೂರಿಗೂ ಅದಕ್ಕೂ ಒಂದೇ ಅಕ್ಷರದ ಅಂತರ. 2018ರ ಏಪ್ರಿಲ್ 4ರಂದು ಅಲ್ಲಿ ಸೂಮೋ ಪ್ರದರ್ಶನವಿತ್ತು. ಊರಿನ ಮೇಯರು ಮಣ್ಣಿನ ಜಗಲಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದವರು ಹಾಗೆಯೇ ಹಿಂದಕ್ಕೆ ಬಿದ್ದರು, ಮಿದುಳಿನ ಸುತ್ತ ರಕ್ತಸ್ರಾವ. ಸುತ್ತ ನಿಂತ ಗಂಡಸರು ಏನು ಮಾಡಬೇಕೆಂದು ತೋಚದೆ ನೋಡುತ್ತಿರುವಾಗ ಪ್ರೇಕ್ಷಕರ ನಡುವಿನಿಂದ ಹೆಂಗಸರು ಓಡಿ ಬಂದು ಜಗಲಿ ಹತ್ತಿದರು. ಅವರಲ್ಲಿ ಒಬ್ಬಾಕೆ ನರ್ಸು. ಗುಂಪಿನವರನ್ನು ಸರಿಸಿ ಎರಡೂ ಕೈಗಳಿಂದ ಅವರ ಎದೆ ಒತ್ತತೊಡಗಿದಳು. ಆಗ ಮೈಕಿನಲ್ಲಿ ಕೂಗು ಬಂತು. ಹೆಂಗಸರು ದಯವಿಟ್ಟು ಜಗಲಿಯಿಂದ ಇಳಿಯಿರಿ, ಇಳಿಯಿರಿ. ಒಂದು ಸಲವಲ್ಲ, ಮತ್ತೆ ಮತ್ತೆ.

ಏಕೆಂದರೆ ಸೂಮೋ ಮಣ್ಣನ್ನು ಹೆಂಗಸರು ತುಳಿಯುವಂತಿಲ್ಲ. ಒಸಾಕಾದಲ್ಲಿ 2000ನೇ ಇಸವಿಯಲ್ಲಿ ಗವರ್ನರ್ ಆದ ಫುಸಾಯೆ ಓಟಾ ಜಪಾನಿನ ಮೊಟ್ಟಮೊದಲ ಮಹಿಳಾ ಗವರ್ನರು. ಗೆದ್ದ ಮಲ್ಲನಿಗೆ ತಮ್ಮ ರಾಜ್ಯದ ಬಹುಮಾನವನ್ನು ಆ ಜಗಲಿಯ ಮೇಲೆ ನಿಂತು ಕೊಡಲು ಅವರಿಗೂ ಬಿಡಲಿಲ್ಲ. ಮೈಜೂರಿನ ಘಟನೆಯಾಗಿ ಎರಡು ದಿನಕ್ಕೆ ತಕರಾಜುಕಾ ಊರಿನ ಮೇಯರು ತೊಮೊಕೊ ನಕಾಗಾವಾ ತಾವು ಜಗಲಿಯ ಮೇಲಿನಿಂದಲೇ ಭಾಷಣ ಮಾಡುತ್ತೇನೆ ಎಂದು ಕೇಳಿದರು. ಆಗದು ಎಂದರು, ಆಕೆ ಕೆಳಗೇ ನಿಂತು ಮಾತಾಡಿದರು. ಅದನ್ನು ಸಮಾರಂಭದ ವಿಷಯ ಎಂದು ಬೇಕಾದರೆ ಬಿಡೋಣ. ಸಾಯುತ್ತಿರುವವನ ಎದೆಯ ಮೇಲೆ ಕೈಯಿಟ್ಟವಳನ್ನು ಇಳಿ ಎನ್ನುವುದು ಯಾವ ಶಾಸ್ತ್ರ?

ಹಾಗೆ ಕೂಗಿದವನು ಗಾಬರಿಯಲ್ಲಿ ಕೂಗಿದ, ಅದು ಸರಿಯಲ್ಲ ಎಂದು ಸಂಘದ ಅಧ್ಯಕ್ಷ ಹಕ್ಕಾಕು ಅದೇ ದಿನ ಕ್ಷಮೆ ಕೇಳಿದರು. ಜೀವದ ಪ್ರಶ್ನೆ ಬಂದಾಗ ಈ ನಿಷೇಧ ಅನ್ವಯಿಸದು ಎಂದು ಆಮೇಲೆ ಸಂಘವೇ ಹೇಳಿತು. ಮೇಯರು ಬದುಕಿದರು. ಹೆಂಗಸರು ಇಳಿದ ಮೇಲೆ ಆ ಮಣ್ಣಿಗೆ ಧಾರಾಳವಾಗಿ ಉಪ್ಪು ಎರಚಿದರಂತೆ. ಯಾರಿಗಾದರೂ ಪೆಟ್ಟಾದಾಗ ಉಪ್ಪು ಎರಚುವುದು ನಮ್ಮ ವಾಡಿಕೆ, ಹೆಂಗಸರು ತುಳಿದರೆಂದಲ್ಲ ಎಂದು ಅವರ ಸಮಜಾಯಿಷಿ. ನಾನೇನೂ ನಗುವುದಿಲ್ಲ. ಮಗು ರಚ್ಚೆ ಹಿಡಿದರೆ ಉಪ್ಪು ನಿವಾಳಿಸಿ ಒಲೆಗೆ ಹಾಕುವವರು ನಾವು. ಉಪ್ಪು ಎರಚಲಿ, ಆದರೆ ಆಂಬುಲೆನ್ಸು ಹೋದ ಮೇಲೆ ಎರಚಲಿ.

ಮೈಜೂರಿನ ಸುದ್ದಿ ಓದಿದಾಗ ನನಗೆ ನಮ್ಮ ಉಸ್ತಾದರ ಮೇಲೆ ಇನ್ನಷ್ಟು ಗೌರವ ಮೂಡಿತು. ಶಿಷ್ಟಾಚಾರದ ಪುಸ್ತಕ ಅವರ ಬಳಿ ಇರಲಿಲ್ಲ, ಸಂಘದ ಅಧ್ಯಕ್ಷರ ಹೇಳಿಕೆಗೂ ಅವರು ಕಾಯಲಿಲ್ಲ. ಹಾಗೆ ನೋಡಿದರೆ ನಮ್ಮಲ್ಲೂ ಕಾಲ ಬದಲಾಗಿದೆ. ಮೈಸೂರು ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಸೆಣಸುತ್ತಾರೆ. 2016ರಲ್ಲಿ ಸಾಕ್ಷಿ ಮಲಿಕ್ ರಿಯೋ ಒಲಿಂಪಿಕ್ಸಿನಿಂದ ಕಂಚು ತಂದ ಮೇಲೆ ನಮ್ಮ ಶಾಲೆಯ ಹೆಣ್ಣುಮಕ್ಕಳೂ ಮೈದಾನದಲ್ಲಿ ಒಬ್ಬರನ್ನೊಬ್ಬರು ಎತ್ತಿ ಒಗೆಯತೊಡಗಿ, ದೈಹಿಕ ಶಿಕ್ಷಕರಿಗೆ ತಲೆನೋವಾಗಿತ್ತು. ಆದರೆ ಬಿದ್ದವರ ಬಳಿಗೆ ಯಾರು ಹೋಗಬೇಕು, ಏನು ಮಾಡಬೇಕು ಎಂಬ ಯೋಚನೆ ಜಾತ್ರೆಯ ಕುಸ್ತಿಯಲ್ಲಿ ಎಷ್ಟರಮಟ್ಟಿಗೆ ಬಂದಿದೆ? ಮ್ಯಾಟಿನ ಮೇಲೆ ಅಂತರರಾಷ್ಟ್ರೀಯ ನಿಯಮದಂತೆ ನಡೆಯುವ ಪಂದ್ಯದಲ್ಲಿ ವೈದ್ಯರು ಪಕ್ಕದಲ್ಲೇ ಇರುತ್ತಾರೆ, ಬೇಡವೆಂದರೆ ಆಟ ನಿಲ್ಲಿಸುವ ಅಧಿಕಾರ ಅವರಿಗಿದೆ. ಮಟ್ಟಿಯ ಮೇಲೆ ಆ ಅಧಿಕಾರ ಯಾರದು?

ಕುಸ್ತಿಯೊಂದನ್ನೇ ದೂರಿ ಫಲವಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ನಡೆದ ಕಿಕ್ ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಹುಡುಗನೊಬ್ಬ ಎದುರಾಳಿಯ ಹೊಡೆತಕ್ಕೆ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡ. ಪಂದ್ಯ ನಡೆದ ಜಾಗದಲ್ಲಿ ತುರ್ತು ಚಿಕಿತ್ಸೆಗೆ ಏರ್ಪಾಡೇ ಇರಲಿಲ್ಲ ಎಂದು ಮನೆಯವರು ದೂರಿದರು, ಪೊಲೀಸರು ಮೊಕದ್ದಮೆ ದಾಖಲಿಸಿದರು. ಅವನು ಬಿದ್ದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದು ನನ್ನ ಕೈಗೂ ಬಂತು. ನೋಡಿದೆ, ಎರಡನೆಯ ಸಲ ನೋಡಲಾಗಲಿಲ್ಲ.

ಆ ಜಾತ್ರೆಯ ನಂತರ ನರ್ಸಮ್ಮನನ್ನು ನಮ್ಮ ಶಾಲೆಗೆ ಕರೆಸಿದೆ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮುಂಚೆ ಪ್ರತಿವರ್ಷ ಒಂದು ಗಂಟೆ. ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಇದ್ದದ್ದು ಟಿಂಚರ್ ಸೀಸೆ, ಹತ್ತಿ, ತುಕ್ಕು ಹಿಡಿದ ಕತ್ತರಿ. ಆಕೆ ಪೆಟ್ಟಿಗೆ ತೆರೆಯಲೇ ಇಲ್ಲ. ಕಬಡ್ಡಿ ಹುಡುಗನೊಬ್ಬನನ್ನು ನೆಲದ ಮೇಲೆ ಮಲಗಿಸಿ ಎಲ್ಲವನ್ನೂ ಕೈಯಿಂದಲೇ ತೋರಿಸಿದಳು. ಬಿದ್ದವನನ್ನು ಮೊದಲು ಮಾತಾಡಿಸಿ. ಉತ್ತರ ಬರುತ್ತಿದೆ, ಆದರೆ ಕತ್ತು ನೋವು, ಕೈಕಾಲು ಜೋಮು ಎಂದರೆ ತಲೆ ಹಿಡಿದು ಕೂತುಬಿಡಿ, ಎತ್ತಬೇಡಿ. ಉತ್ತರವಿಲ್ಲ, ಉಸಿರೂ ಇಲ್ಲ ಎಂದರೆ ಕತ್ತಿನ ಚಿಂತೆ ಎರಡನೆಯದು, ಉಸಿರು ಮೊದಲನೆಯದು. ಬೋರಲು ಬಿದ್ದಿದ್ದರೆ ಒಬ್ಬರು ತಲೆ ಹಿಡಿದು, ಉಳಿದವರು ಮರದ ದಿಮ್ಮಿ ಹೊರಳಿಸುವಂತೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ. ಎದೆಯ ನಟ್ಟನಡುವೆ ಅಂಗೈ ಇಟ್ಟು, ಎರಡು ಅಂಗುಲ ತಗ್ಗುವಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಿ. 108 ಬರುವವರೆಗೆ ನಿಲ್ಲಿಸಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಸೋಡಾ, ಕಾಫಿ ಏನೂ ಬೇಡ, ಶ್ವಾಸಕ್ಕೆ ಹೋಗುತ್ತದೆ. ತಲೆಗೆ ಪೆಟ್ಟು ತಿಂದವನು ನಾನು ಸರಿಯಾಗಿದ್ದೇನೆ ಎಂದರೂ ಆ ದಿನ ಮತ್ತೆ ಆಟಕ್ಕೆ ಬಿಡಬೇಡಿ. ಆಮೇಲೆ ವಾಂತಿ, ಮಂಪರು, ತೊದಲು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ.

"ಎದೆ ಒತ್ತುವಾಗ ಪಕ್ಕೆಲುಬು ಮುರಿದರೆ ಮಿಸ್?" ಎಂದು ಒಬ್ಬಳು ಕೇಳಿದಳು. "ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತೆ ಕಣೇ, ನಿಂತ ಉಸಿರು ಕೂಡಿಕೊಳ್ಳಲ್ಲ" ಎಂದಳು ನರ್ಸಮ್ಮ. ಅಷ್ಟು ದಿನ ಮಾನವ ದೇಹದ ಪಾಠ ಮಾಡಿದ ನನಗೆ ಅಷ್ಟು ಚೊಕ್ಕವಾಗಿ ಹೇಳಲು ಬಂದಿರಲಿಲ್ಲ.

ಇನ್ನೊಂದು ಅಂಜಿಕೆ ನಮ್ಮಲ್ಲಿ ಬಹಳ. ಮುಟ್ಟಿದರೆ ಕೇಸು ನಮ್ಮ ತಲೆಗೇ ಬರುತ್ತದೆ ಎಂಬುದು. ಹೆದ್ದಾರಿಯ ಪಕ್ಕದಲ್ಲಿರುವ ನೆಲಮಂಗಲದ ಕಡೆಯವರು ನಾವು, ಅಪಘಾತಗಳನ್ನು ನೋಡುತ್ತಲೇ ಬೆಳೆದವರು. ಬಿದ್ದವರ ಸುತ್ತ ಜನ ನಿಂತು ನೋಡುವುದೂ ನಮಗೆ ಹೊಸದಲ್ಲ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ವೈದ್ಯರೂ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ನೆರವಿಗೆ ಬಂದವರಿಗೆ ಕಿರುಕುಳವಾಗದಂತೆ ಕರ್ನಾಟಕ ಸರಕಾರ 2016ರಲ್ಲಿ ಕಾಯಿದೆಯನ್ನೇ ತಂದಿದೆ. ಇದನ್ನು ಹೇಳಿದರೆ ನಮ್ಮ ಹೆಂಗಸರ ಸಂಘದಲ್ಲಿ ನಂಬುವವರು ಅರ್ಧ ಜನ. ಉಳಿದರ್ಧ ಜನ "ಅದೆಲ್ಲ ಪುಸ್ತಕದಲ್ಲಿ, ಮೇಡಂ" ಎನ್ನುತ್ತಾರೆ. ಪುಸ್ತಕದಲ್ಲಾದರೂ ಇರುವುದು ಒಳ್ಳೆಯದಲ್ಲವೇ?

ಮುಂದಿನ ವರ್ಷದ ಜಾತ್ರೆಗೆ ತಿಂಗಳಿದೆ ಎನ್ನುವಾಗ ನಾನೂ ನರ್ಸಮ್ಮನೂ ಆ ಹಳ್ಳಿಯ ಕುಸ್ತಿ ಸಮಿತಿಯವರ ಬಳಿ ಹೋದೆವು. ಕಾಫಿ ಕೊಟ್ಟರು, ಕೂರಿಸಿದರು. ಖರ್ಚಿನ ಪಟ್ಟಿ ಮುಂದಿತ್ತು. ಬೆಳ್ಳಿ ಗದೆ, ಶಾಲು, ಹಾರ, ಪೇಟ, ಶಾಮಿಯಾನ, ಮೈಕು, ಪೊಲೀಸರ ಅನುಮತಿ, ಬಂದವರಿಗೆ ಬಾಡೂಟ. ಆಂಬುಲೆನ್ಸು ಎಂದೆವು. ಒಬ್ಬರು ನಕ್ಕರು. "ಮೇಡಮ್ಮೋರೆ, ಶುಭಕಾರ್ಯಕ್ಕೆ ಮುಂಚೆ ಆಂಬುಲೆನ್ಸ್ ನಿಲ್ಲಿಸಿದ್ರೆ ಅಪಶಕುನ ಅಲ್ವಾ?" ಅದಕ್ಕೆ ನಾನು ಬಾಯಿ ತೆರೆಯುವ ಮುಂಚೆಯೇ ಮೂಲೆಯಲ್ಲಿ ಕುಳಿತಿದ್ದ ಉಸ್ತಾದರು "ಹಂಗಂದ್ರೆ ಹೋದ ವರ್ಷ ಆಂಬುಲೆನ್ಸ್ ಇರ್ಲಿಲ್ಲ, ಶಕುನ ಬಲು ಚೆನ್ನಾಗಿತ್ತಲ್ಲ" ಎಂದರು. ಮತ್ತೆ ಯಾರೂ ನಗಲಿಲ್ಲ.

ಒಂದೇ ಸಲಕ್ಕೆ ಎಲ್ಲ ಆಗಲಿಲ್ಲ. ಮೊದಲ ವರ್ಷ ಆಂಬುಲೆನ್ಸು ತರಿಸಿದರು, ಆದರೆ ಹುರಿಗಡಲೆ ಅಂಗಡಿಯ ಹಿಂದೆ ನಿಲ್ಲಿಸಿ ದಾರಿಗೆ ಬೈಕು ತುಂಬಿಸಿದರು. ಎರಡನೆಯ ವರ್ಷ ದಾರಿ ಬಿಟ್ಟರು. ಕೋವಿಡ್ ಕಾಲದಲ್ಲಿ ಕುಸ್ತಿಯೇ ನಡೆಯಲಿಲ್ಲ. ಈಗ ಒಂದು ಕಟ್ಟುಪಾಡು ತಾನಾಗಿ ಬೆಳೆದಿದೆ: ಬಿದ್ದವನು ಎದ್ದು ನಿಲ್ಲುವವರೆಗೆ ತಮಟೆ ಹೊಡೆಯುವುದಿಲ್ಲ, ಗೆದ್ದವನನ್ನು ಹೆಗಲಿಗೇರಿಸುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಉಸ್ತಾದರು ಕೈ ಎತ್ತಿದರೆ ನಿಲ್ಲುತ್ತದೆ, ಇಳಿಸಿದರೆ ಶುರುವಾಗುತ್ತದೆ. ಅವರಿಗೆ ವಯಸ್ಸಾಗಿದೆ, ಮುಂದೆ ಯಾರು ಕೈ ಎತ್ತುತ್ತಾರೋ.

ಹೋದ ಸಲದ ಕುಸ್ತಿಯ ಕರಪತ್ರವನ್ನು ಸಮಿತಿಯವರು ನಮ್ಮ ಮನೆಗೂ ತಂದುಕೊಟ್ಟರು. ಮೇಲೆ ಆಂಜನೇಯನ ಚಿತ್ರ, ನಡುವೆ ಜೋಡಿಗಳ ವಿವರ, ಬಹುಮಾನದ ಮೊತ್ತ, ಕೊನೆಯಲ್ಲಿ ದಾನಿಗಳ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಸ್ಥಳದಲ್ಲಿ ಅಂಬ್ಯುಲೆನ್ಸು ಮತ್ತು ನರ್ಸಮ್ಮನವರು ಇರುತ್ತಾರೆ" ಎಂದು ಅಚ್ಚು ಹಾಕಿಸಿದ್ದರು. ಕರಪತ್ರ ಕಂಡರೆ ಕೆಂಪು ಪೆನ್ನು ಹುಡುಕುವ ಚಾಳಿ ನನ್ನದು. ಆ ಸಾಲನ್ನು ಮಾತ್ರ ತಿದ್ದದೆ ಹಾಗೆಯೇ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.